ಫ್ರಿಜ್ಜಿನೊಳಗಿನ ಮಾಗಿ

ಮಯಾಮಿಯಲ್ಲಿ ಚಳಿಗಾಲ ಅಂತ ಒಂದಿದೆ ಅನ್ನೋದು ಕ್ಯಾಲೆಂಡರ್ ನೋಡಿದರಷ್ಟೇ ಗೊತ್ತಾಗೋದು. ಜನವರಿ ಮಧ್ಯಾಹ್ನ 24 ಡಿಗ್ರಿ. ರಾತ್ರಿ 16ಕ್ಕೆ ಇಳಿದರೆ ಇಲ್ಲಿನವರು ಬೀರುವಿನ ತಳದಿಂದ ಸ್ವೆಟರ್ ಹುಡುಕಿ ತೆಗೀತಾರೆ. ವರ್ಷಕ್ಕೆ ಮೂರ್ನಾಲ್ಕು ಸಲ ಉತ್ತರದಿಂದ ತಣ್ಣನೆ ಗಾಳಿ ಬೀಸಿ ಎರಡು ದಿನ ನಡುಗಿಸುತ್ತೆ, ಮೂರನೇ ದಿನ ಮತ್ತೆ ಫ್ಯಾನ್ ಹಾಕಬೇಕು. ಇಂಥ ಊರಲ್ಲಿ ಕೂತು, ಹಿಮ ಬೀಳೋ ಬೆಟ್ಟದ ಎರಡು ಹಾವುಗಳಿಗೆ ಮೂರು ತಿಂಗಳ ಚಳಿಗಾಲ ಒದಗಿಸೋದು ಹೇಗೆ ಅನ್ನೋದನ್ನ ನಾನು ಕಲಿತೆ. ಕಲೀಬೇಕು ಅಂತ ಆಸೆಪಟ್ಟು ಕಲಿತದ್ದಲ್ಲ, ಬಂದು ತಲೆ ಮೇಲೆ ಬಿತ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಹಾವಿನ ಪ್ರೇಮಿ ಅಲ್ಲ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯವಳು. ಮಾವಿನ ತೋಪಿನಲ್ಲಿ ಓಡಾಡಿ ಬೆಳೆದವಳಿಗೆ ಕೇರೆಹಾವು, ನಾಗರಹಾವು ಹೊಸದೇನಲ್ಲ. ಕಂಡರೆ ದೂರದಿಂದಲೇ ಕೈಮುಗಿದು ದಾರಿ ಬದಲಿಸೋದು, ಪಂಚಮಿಗೆ ಹುತ್ತಕ್ಕೆ ತನಿ ಎರೆಯೋದು, ಇಷ್ಟೇ ನಮ್ಮ ಅವುಗಳ ಸಂಬಂಧ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರೋದರಿಂದ ನಾಡಿನ ಹಾವುಗಳನ್ನ ಹಿಡಿದು ಮನೇಲಿ ಸಾಕೋ ಹಾಗೂ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ನಾಯಿ, ಬೆಕ್ಕು, ಗಿಳಿ ಸಾಕೋ ಹಾಗೆ ಹಾವನ್ನೂ ಸಾಕೋ ಮಂದಿ ಬೇಕಾದಷ್ಟಿದ್ದಾರೆ. ಮನೆಯಲ್ಲೇ ಮರಿ ಮಾಡಿಸಿ, ತಲೆಮಾರುಗಳ ಲೆಕ್ಕ ಬರೆದಿಟ್ಟುಕೊಳ್ಳುವವರೂ ಇದ್ದಾರೆ.

ನಮ್ಮ ಪಕ್ಕದ ಮನೆಯ ತಾತ ಅಂಥವರಲ್ಲೊಬ್ಬರು. ಶಾಲೆ ಬಸ್ಸು ಓಡಿಸಿ ರಿಟೈರ್ ಆದವರು. ಹೆಸರು ಹಿಡಿದೇ ಕರಿ ಅಂತ ಹತ್ತು ಸಲ ಹೇಳಿದ್ದಾರೆ, ನನಗೆ ಬಾಯಿ ಬರಲ್ಲ. ಅವರ ಮುಂದೆ 'ಸರ್', ನಮ್ಮನೆಯೊಳಗೆ 'ತಾತ'. ಅವರ ಹತ್ತಿರ ಇರೋದು ಒಂದು ಜೋಡಿ ಮೌಂಟನ್ ಕಿಂಗ್‌ಸ್ನೇಕ್. ಅರಿಝೋನಾ ಕಡೆಯ ಎತ್ತರದ ಬೆಟ್ಟಗಳಲ್ಲಿ, ಪೈನ್ ಮತ್ತು ಓಕ್ ಮರಗಳ ನಡುವೆ, ಬಂಡೆ ಸಂದಿಯಲ್ಲಿ ಬದುಕೋ ಜಾತಿ. ವಿಷವಿಲ್ಲ. ಕೆಂಪು, ಕಪ್ಪು, ಬಿಳಿ ಪಟ್ಟೆ, ಬೆಳ್ಳನೆ ಮೂತಿ. ಬಳೆ ಅಂಗಡಿಯಲ್ಲಿ ಜೋಡಿಸಿಟ್ಟ ಬಳೆ ಸಾಲಿನ ಹಾಗೆ ಕಾಣುತ್ತೆ. ಹೆಣ್ಣಿನ ಹೆಸರು ರೂಬಿ, ಗಂಡಿನ ಹೆಸರು ಪೆಪ್ಪರ್. ಹದಿನಾಲ್ಕು ವರ್ಷದ ಹಿಂದೆ ಈ ಜೋಡಿಯನ್ನ ಮನೆಗೆ ತಂದಿದ್ದು ತಾತ ಅಲ್ಲ, ಅವರ ಹೆಂಡತಿ.

ಆ ಅಜ್ಜಿ ಹೋಗಿ ಆಗ ಆರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಆ ಎರಡು ಚಳಿಗಾಲ ತಾತನಿಗೆ ಹೆಂಡತಿಯನ್ನ ನೋಡಿಕೊಳ್ಳೋದೇ ಆಯಿತು, ಹಾವುಗಳಿಗೆ ಊಟ, ನೀರು, ಶುಚಿ ಬಿಟ್ಟರೆ ಬೇರೇನೂ ಮಾಡಲಾಗಲಿಲ್ಲ. ಎರಡೂ ವರ್ಷ ರೂಬಿ ಇಟ್ಟದ್ದು ಬರೀ ಗೊಡ್ಡು ಮೊಟ್ಟೆ. ಹಳದಿಗೆ ತಿರುಗಿದ, ಗಟ್ಟಿ ಮೇಣದ ಉಂಡೆಯಂಥವು. "ಚಳಿ ಕೊಡಲಿಲ್ಲ, ಅದಕ್ಕೇ" ಅಂದಿದ್ದರು ತಾತ. ನನಗೆ ಅರ್ಥ ಆಗಿರಲಿಲ್ಲ. ಮರಿ ಆಗೋಕೆ ಬೆಚ್ಚಗೆ ತಾನೆ ಇರಬೇಕು, ಚಳಿ ಯಾಕೆ?

ಅವರು ವಿವರಿಸಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಹಾವು ತನ್ನ ಮೈ ಬಿಸಿಯನ್ನ ತಾನೇ ಹುಟ್ಟಿಸಿಕೊಳ್ಳೋ ಪ್ರಾಣಿ ಅಲ್ಲ. ಸುತ್ತ ಬಿಸಿ ಇದ್ದರೆ ಬಿಸಿ, ತಂಪಿದ್ದರೆ ತಂಪು. ತಂಪು ಸೀಮೆಯ ಹಾವುಗಳು ಚಳಿಗಾಲ ಬಂದರೆ ನೆಲದಡಿಗೆ, ಬಂಡೆಯ ಆಳಕ್ಕೆ ಇಳಿದು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರ್ತವೆ. ಕರಡಿ ಮಲಗೋ ಹಾಗೆ ಗಾಢ ನಿದ್ದೆ ಅಲ್ಲ ಇದು. ಮಧ್ಯೆ ಎದ್ದು ನೀರು ಕುಡೀಬಹುದು, ಜಾಗ ಬದಲಿಸಬಹುದು. ಆ ವ್ಯತ್ಯಾಸ ತೋರಿಸೋಕೆ ಅಂತಲೇ ವಿಲ್ಬರ್ ಮೇಹ್ಯೂ ಅನ್ನೋ ವಿಜ್ಞಾನಿ 1965ರಲ್ಲಿ ಒಂದು ಮರಳುಗಾಡಿನ ಓತಿಕ್ಯಾತದ ಬಗ್ಗೆ ಬರೆಯುವಾಗ 'ಬ್ರೂಮೇಷನ್' ಅನ್ನೋ ಪದ ಹುಟ್ಟಿಸಿದರು. ಲ್ಯಾಟಿನ್ ಭಾಷೇಲಿ 'ಬ್ರೂಮಾ' ಅಂದರೆ ಚಳಿಗಾಲ. ಹಾವು ಸಾಕೋರೆಲ್ಲ ಈಗ ಇದೇ ಪದ ಬಳಸ್ತಾರೆ. ನನಗೆ ಮಾತ್ರ 'ಮಾಗಿ' ಅನ್ನೋದೇ ನಾಲಿಗೆಗೆ ಹತ್ತಿರ.

ಈ ಮಾಗಿಯಲ್ಲಿ ಹಾವಿನ ಮೈಯೊಳಗೆ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಏನೋ ನಡೆಯುತ್ತೆ. ಕೆನಡಾದ ಮ್ಯಾನಿಟೋಬಾದಲ್ಲಿ ನಾರ್ಸಿಸ್ ಅನ್ನೋ ಜಾಗ ಇದೆ. ಅಲ್ಲಿನ ಸುಣ್ಣಕಲ್ಲಿನ ಬಿಲಗಳಲ್ಲಿ ಗಾರ್ಟರ್ ಹಾವುಗಳು ಚಳಿಗಾಲ ಕಳೆದು, ವಸಂತದಲ್ಲಿ ಹತ್ತಾರು ಸಾವಿರ ಒಟ್ಟಿಗೆ ಹೊರಗೆ ಬರ್ತವೆ. ಬಂದ ತಕ್ಷಣ ಊಟ ಹುಡುಕೋದಿಲ್ಲ, ಜೋಡಿ ಹುಡುಕ್ತವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಕ್ರ್ಯೂಸ್ ಮತ್ತು ಅವರ ಸಂಗಡಿಗರು ಈ ಹಾವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದೇನು ಗೊತ್ತಾ? ಆ ಹೊತ್ತಿನಲ್ಲಿ ಗಂಡುಹಾವಿಗೆ ಆಸೆ ಹುಟ್ಟಿಸೋದು ಗಂಡಸುತನದ ಹಾರ್ಮೋನ್ ಅಲ್ಲ. ಉದ್ದನೆಯ ಚಳಿ, ಆಮೇಲೆ ಬರೋ ಬಿಸಿಲು. ಚಳಿಯನ್ನೇ ಕಾಣದ ಗಂಡಿಗೆ ವಸಂತ ಬಂದದ್ದೇ ಗೊತ್ತಾಗಲ್ಲ.

ಹಾಗಂತ ಎಲ್ಲ ಹಾವಿಗೂ ಚಳಿ ಬೇಕು ಅಂತಲ್ಲ. ಬಿಸಿ ಸೀಮೆಯ ಹಾವಿಗೆ ಅದೇ ಚಳಿ ಯಮ. 2010ರ ಜನವರಿಯಲ್ಲಿ ದಕ್ಷಿಣ ಫ್ಲಾರಿಡಾದಲ್ಲಿ ಹತ್ತು ಹನ್ನೆರಡು ದಿನ ಬಿಡದೆ ಚಳಿ ಹಿಡಿಯಿತು. ಮರದ ಮೇಲಿನ ಇಗ್ವಾನಾಗಳು ಮರಗಟ್ಟಿ ಕೆಳಗೆ ಉದುರಿದವು. ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸೇರಿಕೊಂಡಿದ್ದ ಬರ್ಮಾ ಹೆಬ್ಬಾವುಗಳು ಎಷ್ಟೋ ಸತ್ತವು. ನಮ್ಮ ಆಗುಂಬೆ ಕಡೆಯ ಕಾಳಿಂಗ ಬೇಸಿಗೆಯಲ್ಲಿ ತರಗೆಲೆ ಗುಡ್ಡೆ ಹಾಕಿ ಮೊಟ್ಟೆ ಇಡುತ್ತೆ, ಮರಿ ಬರೋದು ಮಳೆಗಾಲದಲ್ಲಿ. ಅದರ ಗಡಿಯಾರ ಮಳೆ ನೋಡಿಕೊಂಡು ನಡೆಯೋದು. ಯಾರ ಗಡಿಯಾರ ಯಾವುದು ಅಂತ ತಿಳಿದು ನಡೆಸೋದೇ ಸಾಕೋರ ಮೊದಲ ವಿದ್ಯೆ.

ಇದನ್ನೆಲ್ಲ ತಾತ ಹೇಳುವಾಗ ನನಗೆ ಅಪ್ಪನ ನೆನಪು. ಬೋರ್‌ವೆಲ್ಲಿನಲ್ಲಿ ನೀರಿದ್ದರೂ ದೀಪಾವಳಿ ಆದಮೇಲೆ ಅಪ್ಪ ತೋಪಿಗೆ ನೀರು ಬಿಡ್ತಿರಲಿಲ್ಲ. ಮರ ಬಾಡಿದ ಹಾಗೆ ಕಂಡರೂ ಬಿಡ್ತಿರಲಿಲ್ಲ. "ಈಗ ನೀರು ಕೊಟ್ರೆ ಚಿಗುರಾಕ್ತದೆ, ಹೂ ಬರಲ್ಲ. ಸುಖ ಜಾಸ್ತಿ ಆದ್ರೆ ಮರ ತನ್ ಪಾಡ್ಗೆ ತಾನು ಬೆಳ್ಕೊಂತದೆ, ಮಕ್ಳು ಮರಿ ಯಾಕೆ ಬೇಕು ಅದುಕ್ಕೆ?" ಅಂತಿದ್ದರು. ನೀರೂ ಇರಬಾರದು, ಧನುರ್ಮಾಸದ ರಾತ್ರಿ ಚಳಿಯೂ ಕಚ್ಚಬೇಕು, ಆಗಲೇ ಮಾವಿಗೆ ಹೂ. ಚಳಿ ಸರಿಯಾಗಿ ಬೀಳದ ವರ್ಷ ಶ್ರೀನಿವಾಸಪುರದ ಮಂಡಿಗಳಲ್ಲಿ ಮುಖಗಳೂ ಸಪ್ಪಗಿರ್ತಿದ್ದವು. ಅಂದ ಹಾಗೆ ಫ್ಲಾರಿಡಾಕ್ಕೂ ನಮ್ಮ ಮಾವಿಗೂ ಹಳೇ ನಂಟು. ನಾವು ತಿನ್ನೋ ಮಲಗೋಬ ಮಾವು 1889ರಲ್ಲಿ ಭಾರತದಿಂದ ಇಲ್ಲಿಗೆ ಬಂತು. ಮಯಾಮಿಯ ಕೋಕೊನಟ್ ಗ್ರೋವ್‌ನಲ್ಲಿ ಕ್ಯಾಪ್ಟನ್ ಹೇಡನ್ ಅನ್ನೋರು 1902ರಲ್ಲಿ ಅದರ ವಾಟೆ ನೆಟ್ಟರು. ಅದರಿಂದ ಹುಟ್ಟಿದ ಹೇಡನ್ ಮಾವು ಆಮೇಲೆ ಲೋಕವೆಲ್ಲ ಸುತ್ತಿತು. ತಾತನ ಹಿತ್ತಲಲ್ಲೂ ಒಂದು ಹೇಡನ್ ಮರ ಇದೆ. ನಮ್ಮ ಪರಿಚಯ ಆದದ್ದೇ ಬೇಲಿ ದಾಟಿ ಬಿದ್ದ ಅದರ ಹಣ್ಣಿಂದ.

ಇನ್ನು ಚಳಿ ಮಾಡೋ ವಿಧಾನ. ಅಕ್ಟೋಬರ್ ಕೊನೆಗೆ ತಾತ ಹಾವುಗಳಿಗೆ ಊಟ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಮೂರು ವಾರ ಬೆಚ್ಚಗೇ ಇಟ್ಟರು. ಯಾಕೆ ಅಂದರೆ, ತಂಪಿನಲ್ಲಿ ಹಾವಿನ ಹೊಟ್ಟೆ ಅರೆಯೋ ಕೆಲಸ ನಿಲ್ಲಿಸಿಬಿಡುತ್ತೆ. ಒಳಗೊಂದು ಇಲಿ ಉಳಿದಿದ್ದರೆ ಅದು ಅಲ್ಲೇ ಕೊಳೆತು ಹಾವನ್ನೇ ಕೊಲ್ಲಬಹುದು. ಹೊಟ್ಟೆ ಪೂರಾ ಖಾಲಿ ಆಗಿದೆ ಅಂತ ಖಾತ್ರಿ ಆದಮೇಲೆಯೇ ಮುಂದಿನ ಹೆಜ್ಜೆ. ಬಡಕಲಾದ ಹಾವು, ಕಾಯಿಲೆ ಹಾವು, ಈ ವರ್ಷ ಹುಟ್ಟಿದ ಮರಿ, ಇವಕ್ಕೆ ಈ ಉಪವಾಸ ಕೂಡದು.

ಚಳಿಯ ಪ್ರದೇಶದವರು ಹಾವಿನ ಡಬ್ಬಿಯನ್ನ ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ ಇಟ್ಟರೆ ಮುಗಿಯಿತು. ಮಯಾಮಿಯಲ್ಲಿ ನೆಲಮಾಳಿಗೆ ತೋಡಿದರೆ ನೀರು ಬರುತ್ತೆ, ಗ್ಯಾರೇಜು ಅಂದರೆ ಒಲೆ. ಅದಕ್ಕೇ ಇಲ್ಲಿನವರ ಉಪಾಯ, ವೈನ್ ಬಾಟಲಿ ಇಡೋ ಪುಟ್ಟ ಫ್ರಿಜ್. ಅಡುಗೆಮನೆ ಫ್ರಿಜ್ 4 ಡಿಗ್ರಿ, ಅದು ಹಾವಿಗೆ ವಿಪರೀತ. ವೈನ್ ಫ್ರಿಜ್ ಮಾತ್ರ 7ರಿಂದ 18ರ ನಡುವೆ ನಿಲ್ಲುತ್ತೆ. ತಾತ ಅದನ್ನ ಮೊದಲು 18ರಲ್ಲಿಟ್ಟು, ಮೂರ್ನಾಲ್ಕು ದಿನಕ್ಕೊಂದೆರಡು ಡಿಗ್ರಿ ಇಳಿಸ್ತಾ ಡಿಸೆಂಬರ್ ಮೊದಲ ವಾರಕ್ಕೆ 12ಕ್ಕೆ ತಂದರು. ಒಂದೊಂದು ಹಾವಿಗೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ, ಗಾಳಿಗೆ ತೂತು, ಒಳಗೆ ಮರದ ಹೊಟ್ಟು, ಒಂದು ಬಟ್ಟಲು ನೀರು. ಊಟ ಇಲ್ಲದಿದ್ದರೂ ನೀರು ಯಾವತ್ತೂ ಇರಬೇಕು. ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿ. ಕರೆಂಟು ಹೋದರೂ ಆ ನೀರು ತಂಪನ್ನ ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ. ದಿನಕ್ಕೊಂದು ಸಲ ಬಾಗಿಲು ತೆಗೆದು ಒಳಗಿನ ಗಾಳಿ ಬದಲಿಸಬೇಕು. ಎರಡು ವಾರಕ್ಕೊಮ್ಮೆ ತೂಕ.

"ಇಷ್ಟೆಲ್ಲ ಯಾಕೆ, ಎ.ಸಿ. ಜೋರಾಗಿ ಹಾಕಿದರೆ ಆಗಲ್ವಾ?" ಅಂತ ಕೇಳಿದ್ದೆ. ತಾತ ತಲೆ ಆಡಿಸಿದರು. "ಅರೆಬರೆ ಚಳಿ ಇದೆಯಲ್ಲ, ಅದರಷ್ಟು ಕೆಟ್ಟದ್ದು ಯಾವುದೂ ಇಲ್ಲ. 20 ಡಿಗ್ರಿಯಲ್ಲಿ ಹಾವಿಗೆ ಊಟ ಅರಗಿಸೋಕೂ ಆಗಲ್ಲ, ಮಲಗೋಕೂ ಆಗಲ್ಲ. ಒಳಗಿದ್ದ ಕೊಬ್ಬು ಸುಟ್ಟುಕೊಳ್ಳುತ್ತಾ ಅಡ್ಡಾಡ್ತಾ ಇರುತ್ತೆ. ಮೈ ಸೊರಗುತ್ತೆ, ಎದೆ ಕಟ್ಟುತ್ತೆ. ಕೊಟ್ಟರೆ ಪೂರಾ ಚಳಿ ಕೊಡು, ಇಲ್ಲದಿದ್ದರೆ ಕೊಡಲೇ ಬೇಡ."

ಜನವರಿ ಎರಡನೇ ವಾರ ತಾತನಿಗೆ ಎದೆನೋವು. ಆಸ್ಪತ್ರೆಗೆ ಸೇರಿಸಿದರು, ಮೂರು ದಿನದಲ್ಲಿ ಬೈಪಾಸ್ ಆಯಿತು. ಆಮೇಲೆ ಒರ್ಲ್ಯಾಂಡೋದಲ್ಲಿರೋ ಮಗಳ ಮನೆಯಲ್ಲಿ ಹನ್ನೆರಡು ವಾರದ ವಿಶ್ರಾಂತಿ ಅಂತ ತೀರ್ಮಾನ. ಮಗಳಿಗೆ ಹಾವು ಕಂಡರೆ ಆಗದು. ಆಪರೇಷನ್‌ಗೆ ಹೋಗೋ ಹಿಂದಿನ ಸಂಜೆ ಫೋನ್ ಮಾಡಿ ತಾತ ಕೇಳಿದ್ದು ಒಂದೇ ಮಾತು. "ಫ್ರಿಜ್ ನೋಡಿಕೊಳ್ತೀಯಾ?"

ಹೂಂ ಅಂದೆ. ಆಪರೇಷನ್ ಟೇಬಲ್ಲಿಗೆ ಹೋಗೋ ಮನುಷ್ಯನಿಗೆ ಇನ್ನೇನು ಅನ್ನೋದು?

ಮಾರನೇ ದಿನ ಕೀಲಿ ತೆಗೆದು ಒಳಗೆ ಹೋದೆ. ಫ್ರಿಜ್ ಪಕ್ಕದಲ್ಲೇ ಒಂದು ನೋಟ್‌ಬುಕ್ಕು. ಹದಿನಾಲ್ಕು ವರ್ಷದ ಲೆಕ್ಕ. ತಾರೀಕು, ಉಷ್ಣಾಂಶ, ತೂಕ, ಪೊರೆ ಬಿಟ್ಟ ದಿನ, ಇಟ್ಟ ಮೊಟ್ಟೆ. ಹನ್ನೊಂದು ವರ್ಷ ಅಜ್ಜಿಯ ದುಂಡು ಅಕ್ಷರ. ಆಮೇಲೆ ಎರಡು ವರ್ಷ ಹೆಚ್ಚೂಕಮ್ಮಿ ಖಾಲಿ ಹಾಳೆ. ಈ ವರ್ಷದ್ದು ತಾತನ ಕೋಳಿಕಾಲು ಬರಹ. ಅದರ ಕೆಳಗೆ ನಾನು ಬರೆದೆ. ಅವರದೆಲ್ಲ ಫ್ಯಾರನ್‌ಹೀಟ್, 53 ಅಂತ. ನಾನು 12 ಅಂತ ಬರೆದು ಫೋಟೋ ಕಳಿಸಿದರೆ, ಎದೆ ಹೊಲಿದು ಮೂರು ದಿನ ಆಗಿದ್ದ ತಾತ ಗಾಬರಿಯಾಗಿ ಫೋನ್ ಮಾಡಿಸಿದರಂತೆ, ಮಂಜುಗಡ್ಡೆ ಕಟ್ಟೋಕೆ ಬಿಟ್ಟಿದ್ದೀಯಾ ಅಂತ!

ಅಮ್ಮನಿಗೆ ವಾಟ್ಸಾಪ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಹಾವನ್ನ ಫ್ರಿಜ್ಜಲ್ಲಿಟ್ಟವ್ರಾ?"

"ಹೂಂ ಅಮ್ಮ. ಸಾಯಿಸೋಕಲ್ಲ, ಮಲಗ್ಸೋಕೆ."

"ಊಟ?"

"ಮೂರು ತಿಂಗ್ಳು ಇಲ್ಲ."

"ಅಯ್ಯೋ ಪಾಪ ಸುತ್ಕೊಂತದೆ ಕಣೇ. ಮರಿ ಆಸೆಗೆ ಅದುನ್ನ ಉಪಾಸ ಕೆಡವಿ, ಕತ್ಲೇಲಿ ಕೂಡಾಕಿ... ಆ ವಯ್ಯನಿಗೆ ಹೇಳು, ಬಿಟ್ಬಿಡಪ್ಪಾ ಅಂತ."

ಅಮ್ಮ ಹೇಳಿದ್ದನ್ನ ತಳ್ಳಿಹಾಕೋಕೆ ಆಗಲಿಲ್ಲ. ಬೆಟ್ಟದಲ್ಲಿದ್ದರೆ ಹಾವು ತಾನಾಗಿ ಇಳಿಯುತ್ತೆ, ತಾನಾಗಿ ಏಳುತ್ತೆ. ಇಲ್ಲಿ ಗುಂಡಿ ಒತ್ತೋ ಅಧಿಕಾರ ನಮ್ಮದು. ರೂಬಿಗೆ ವಯಸ್ಸೂ ಆಗಿದೆ. ಸಂಜೆ ತಾತನಿಗೆ ಇದೇ ಪ್ರಶ್ನೆ ಹಾಕಿದೆ. ಅವರ ಉತ್ತರ ನಿಧಾನವಾಗಿ ಬಂತು. "ವರ್ಷವಿಡೀ 28 ಡಿಗ್ರಿಯಲ್ಲಿಟ್ಟು ವಾರವಾರ ತಿನ್ನಿಸೋದು ಕರುಣೆ ಅಂತ ಯಾರು ಹೇಳಿದ್ದು? ಅವಳ ಮೈ ಬೆಟ್ಟದ ಮೈ. ಎರಡು ವರ್ಷ ಅವಳಿಗೆ ರಾತ್ರಿಯೇ ಆಗಲಿಲ್ಲ." ಸ್ವಲ್ಪ ತಡೆದು ಅಂದರು, "ಮೊಟ್ಟೆ ಬರದಿದ್ದರೂ ಪರವಾಗಿಲ್ಲ. ಚಳಿ ಸರಿಯಾಗಿ ಸಿಗಲಿ." ಯಾರ ಮಾತು ಸರಿ ಅಂತ ಇವತ್ತಿಗೂ ತೀರ್ಪು ಕೊಡಲಾರೆ. ಆದರೆ ಆವತ್ತಿಂದ ಫ್ರಿಜ್ಜಿನ ಬಾಗಿಲು ತೆಗೆಯುವಾಗ ಕೈ ನಡುಗೋದು ಕಡಿಮೆ ಆಯಿತು.

ದಿನಾ ರಾತ್ರಿ ಊಟ ಆದಮೇಲೆ ಹೋಗ್ತಿದ್ದೆ. ಬಾಗಿಲು ತೆಗೆದರೆ ಮಣ್ಣಿನ ವಾಸನೆಯ ತಂಪು ಮುಖಕ್ಕೆ ಬಡೀತಿತ್ತು. ಟಾರ್ಚು ಹಾಕಿದರೆ ಹೊಟ್ಟಿನ ಮೇಲೆ ಬಳೆಸಾಲು. ಮುಟ್ಟಿದರೆ ಕಲ್ಲು. ನಿಧಾನಕ್ಕೆ ನಾಲಿಗೆ ಹೊರಗೆ ಬಂದು ಒಂದು ಸಲ ಆಡಿ ಒಳಗೆ ಹೋಗೋದು, 'ಇದ್ದೀನಿ' ಅನ್ನೋ ಹಾಗೆ. ಜನವರಿ ಕೊನೆಗೆ ರೂಬಿಯ ತೂಕ 310 ಗ್ರಾಮಿನಿಂದ 303ಕ್ಕೆ ಇಳಿದಿತ್ತು. ಮೂರು ತಿಂಗಳ ಉಪವಾಸದಲ್ಲಿ ಏಳೇ ಗ್ರಾಮು! ಹತ್ತರಲ್ಲೊಂದು ಪಾಲು ಇಳಿದರೆ ಎಬ್ಬಿಸಬೇಕು ಅಂತ ಅಜ್ಜಿ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದರು. ಅದರ ಕೆಳಗೆ ಇನ್ನೊಂದು ಸಾಲು ಇತ್ತು, ಬಾಯಿ ತೆರೆದು ತಲೆ ಎತ್ತಿಕೊಂಡಿದ್ದರೆ ಯೋಚನೆ ಮಾಡಬೇಡಿ, ಹೊರಗೆ ತೆಗೆಯಿರಿ ಅಂತ.

ಫೆಬ್ರವರಿ ಮೊದಲ ವಾರದ ಒಂದು ರಾತ್ರಿ ಪೆಪ್ಪರ್ ಹಾಗೇ ಇದ್ದ. ತಲೆ ಡಬ್ಬಿ ಗೋಡೆಗೆ ಆನಿಸಿ ಮೇಲಕ್ಕೆತ್ತಿದ್ದ. ಬಾಯಿ ಸಂದಿಯಲ್ಲಿ ಒಂದು ಸಣ್ಣ ಗುಳ್ಳೆ. ಕಿವಿ ಹತ್ತಿರ ತಂದರೆ ಗೊರಗೊರ. ಹಾವಿಗೂ ನ್ಯುಮೋನಿಯಾ ಆಗುತ್ತೆ, ತಂಪಿನಲ್ಲಿ ಅದರ ಮೈಯ ರಕ್ಷಣೆಯೂ ಮಲಗಿರೋದರಿಂದ ರೋಗ ಬೇಗ ಕೈಮೀರುತ್ತೆ. ಮೂರು ತಿಂಗಳ ಲೆಕ್ಕದಲ್ಲಿ ಒಂಬತ್ತು ವಾರ ಆಗಿತ್ತು. ಇನ್ನು ನಾಲ್ಕು ವಾರ ಬಾಕಿ. ಈಗ ಎಬ್ಬಿಸಿದರೆ ಈ ವರ್ಷದ ಚಳಿ ವ್ಯರ್ಥ ಆಗಬಹುದು, ಎಬ್ಬಿಸದಿದ್ದರೆ ಹಾವೇ ಉಳಿಯಲ್ಲ. ರಾತ್ರಿ ಹನ್ನೊಂದೂವರೆ. ಮಲಗಿದ ಹೃದಯರೋಗಿಯನ್ನ ಎಬ್ಬಿಸೋದಾ? ಅಜ್ಜಿ ಬರೆದ ಸಾಲು ಇತ್ತಲ್ಲ, ಅದನ್ನೇ ನಂಬಿದೆ. ಡಬ್ಬಿ ಹೊರಗೆ ತೆಗೆದೆ.

ತೆಗೆದ ತಕ್ಷಣ ಬಿಸಿಗೆ ಹಾಕೋ ಹಾಗಿಲ್ಲ. ರಾತ್ರಿ ಕೋಣೆಯ ಸೆಕೆಯಲ್ಲಿ ಬಿಟ್ಟು, ಬೆಳಿಗ್ಗೆ ಒಂದು ಪಕ್ಕ ಮಾತ್ರ ಬಿಸಿ ಇರೋ ಅವನ ಹಳೇ ಗಾಜಿನ ಮನೆಗೆ ಸೇರಿಸಿದೆ. ತಾತನಿಗೆ ಆಗ ಫೋನ್ ಮಾಡಿದೆ. "ಸರಿ ಮಾಡಿದೆ" ಅಂದವರು, ಹಾವು ನೋಡೋ ಡಾಕ್ಟರ ವಿಳಾಸ ಕೊಟ್ಟರು. ದಿಂಬಿನ ಕವರಿನಲ್ಲಿ ಹಾವು ಹಾಕಿ, ಬಾಯಿಗೆ ಗಂಟು ಕಟ್ಟಿ, ಅದನ್ನ ಡಬ್ಬಿಯಲ್ಲಿಟ್ಟು, ಪಕ್ಕದ ಸೀಟಿಗೆ ಬೆಲ್ಟ್ ಬಿಗಿದು ನಲವತ್ತು ನಿಮಿಷ ಕಾರು ಓಡಿಸಿದೆ. ದಾರಿಯುದ್ದಕ್ಕೂ ಸುಬ್ರಹ್ಮಣ್ಯನಿಗೆ ಹರಕೆ. ಮೂರು ದಿನಕ್ಕೊಂದು ಇಂಜೆಕ್ಷನ್, ಒಟ್ಟು ಏಳು. ಡಾಕ್ಟರಮ್ಮ ಮೊದಲನೇದು ತಾವೇ ಕೊಟ್ಟು, ಎರಡನೇದಕ್ಕೆ ಸಿರಿಂಜನ್ನ ನನ್ನ ಕೈಗಿಟ್ಟರು. ಹಾವಿನ ಚರ್ಮದ ಚೂರುಗಳ ನಡುವೆ ಸೂಜಿ ಹೋಗೋ ಜಾಗ ಎಲ್ಲಿ ಅಂತ ಈಗ ನನಗೆ ಗೊತ್ತು. ನಮ್ಮೂರಲ್ಲಿ ಹೇಳಿದರೆ ಯಾರೂ ನಂಬಲ್ಲ.

ರೂಬಿ ಮಾತ್ರ ಏನೂ ಆಗದವಳ ಹಾಗೆ ಫೆಬ್ರವರಿ ಕೊನೆವರೆಗೂ ಮಲಗಿದ್ದಳು. ಅವಳನ್ನ ಎಬ್ಬಿಸೋದೂ ಇಳಿಸಿದ ಹಾಗೇ, ದಿನಕ್ಕಿಷ್ಟು ಅಂತ. ಮಾರ್ಚಿನಲ್ಲಿ ಮೊದಲ ಊಟ, ಫ್ರೀಜರಿನಿಂದ ತೆಗೆದು ಬಿಸಿನೀರಲ್ಲಿ ಹದ ಮಾಡಿದ ಒಂದು ಸಣ್ಣ ಇಲಿಮರಿ. ಇಕ್ಕಳದಲ್ಲಿ ಹಿಡಿದು ಮುಂದಿಟ್ಟೆ. ಎರಡು ಕ್ಷಣ ನೋಡಿ ಗಬಕ್ಕನೆ ಹಿಡಿದಳು. ನನಗೆ ಯಾಕೋ ಕಣ್ಣಲ್ಲಿ ನೀರು ಬಂತು. ಬಾಣಂತಿಗೆ ಮೊದಲ ತುತ್ತು ಕೊಟ್ಟ ಹಾಗಿತ್ತು ಅಂದರೆ ಅತಿ ಆಯ್ತೇನೋ!

ಆ ದಿನಗಳಲ್ಲಿ ನನ್ನ ಬಗ್ಗೆಯೇ ಒಂದು ವಿಷಯ ಹೊಳೆಯಿತು. ನಾನು ಕೆಲಸ ಮಾಡೋದು ಸಾಫ್ಟ್‌ವೇರಿನಲ್ಲಿ, ಮನೆಯಿಂದಲೇ. ರಜ ಅಂದರೆ ಲ್ಯಾಪ್‌ಟಾಪು ಬ್ಯಾಗಿನಲ್ಲಿ, ಫೋನು ಕೈಯಲ್ಲಿ. ಬೀಚಿನಲ್ಲಿ ಕೂತು ಮೀಟಿಂಗು, ಮೀಟಿಂಗಿನಲ್ಲಿ ಕೂತು ಬೀಚಿನ ಯೋಚನೆ. ರಜದಿಂದ ಬಂದಮೇಲೆ ಹೋಗೋ ಮುಂಚಿಗಿಂತ ಸುಸ್ತು. ತಾತ ಹೇಳಿದ ಆ 20 ಡಿಗ್ರಿ ನೆನಪಿದೆಯಲ್ಲ? ಊಟ ಅರಗದ, ನಿದ್ದೆ ಹತ್ತದ, ಇದ್ದ ಕೊಬ್ಬನ್ನ ಸುಟ್ಟುಕೊಳ್ಳೋ ಮಧ್ಯದ ಜಾಗ. ನಾನೂ ನನ್ನ ಜೊತೆಯವರೂ ವರ್ಷಗಳಿಂದ ಅಲ್ಲೇ ಇದ್ದೀವಿ ಅನ್ನಿಸಿತು. ಹಾವಿನ ಜೊತೆ ಹೋಲಿಸಿಕೊಳ್ಳೋದು ಅಷ್ಟು ಸರಿಯಲ್ಲ, ನಮ್ಮದು ಬಿಸಿ ರಕ್ತ, ಬೇರೆ ಗಡಿಯಾರ. ಆದರೂ ಆ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪನ್ನ ಮಯಾಮಿಯಲ್ಲೇ ಬಿಟ್ಟು ಹೋದೆ. ಮೊದಲ ವಾರ ಕೈ ಚಡಪಡಿಸಿತು. ಎರಡನೇ ವಾರ ತೋಪಿನಲ್ಲಿ ಮಧ್ಯಾಹ್ನ ಚಾಪೆ ಹಾಸಿ ಮಲಗಿದವಳು ಸಂಜೆ ಎದ್ದೆ.

ಮಾರ್ಚ್ ಕೊನೆಗೆ ತಾತ ಮನೆಗೆ ಬಂದಿದ್ದರು, ಎದೆ ಮೇಲೆ ಉದ್ದನೆ ಹೊಲಿಗೆಯ ಗುರುತು ಹೊತ್ತು. "ನನ್ನನ್ನೂ ಹನ್ನೆರಡು ವಾರ ಡಬ್ಬಿಯಲ್ಲಿ ಹಾಕಿದ್ದರು, ಊಟವೂ ಹಾಗೇ ಇತ್ತು" ಅಂತ ನಕ್ಕರು. ಪೆಪ್ಪರ್ ಅಷ್ಟರಲ್ಲಿ ಗುಣವಾಗಿದ್ದ. ಆದರೂ ತಾತ ಆತುರಪಡಲಿಲ್ಲ. ಗಂಡು ಮೂರು ಊಟ ಸರಿಯಾಗಿ ಮಾಡಬೇಕು, ಹೆಣ್ಣು ಚಳಿ ನಂತರದ ಮೊದಲ ಪೊರೆ ಬಿಡಬೇಕು, ಆಮೇಲೆ ನೋಡೋಣ ಅಂದರು. ರೂಬಿ ಏಪ್ರಿಲ್ ಕೊನೆಗೆ ಪೊರೆ ಬಿಟ್ಟಳು. ಊರಿಂದ ನಾನು ವಾಪಸ್ ಬರೋ ಹೊತ್ತಿಗೆ ಜೋಡಿ ಸೇರಿಸಿದ್ದಾಗಿತ್ತು. ಒಂಬತ್ತು ವಾರದ ಚಳಿ ಪೆಪ್ಪರ್‌ಗೆ ಸಾಕಾಯಿತೋ ಇಲ್ಲವೋ ಅನ್ನೋದು ಇನ್ನು ಮೊಟ್ಟೆಯೇ ಹೇಳಬೇಕು.

ಜೂನ್ ಮಧ್ಯದಲ್ಲಿ, ಇನ್ನೊಂದು ಪೊರೆ ಬಿಟ್ಟ ಕೆಲವು ದಿನಕ್ಕೆ, ಒದ್ದೆ ಪಾಚಿ ತುಂಬಿದ ಡಬ್ಬಿಯಲ್ಲಿ ರೂಬಿ ಐದು ಮೊಟ್ಟೆ ಇಟ್ಟಳು. ಎರಡು ಹಳದಿ, ಗೊಡ್ಡು. ಮೂರು ಮಾತ್ರ ಬೆಳ್ಳಗೆ, ತೊಗಲಿನ ಚೀಲದ ಹಾಗೆ ತುಂಬಿಕೊಂಡಿದ್ದವು. ಹಾವಿನ ಮೊಟ್ಟೆಯನ್ನ ಕೋಳಿಮೊಟ್ಟೆ ಹಾಗೆ ತಿರುಗಿಸಬಾರದು, ಒಳಗಿನ ಜೀವ ಮೇಲ್ಗಡೆ ಅಂಟಿಕೊಂಡಿರುತ್ತೆ, ಮಗುಚಿದರೆ ಮುಳುಗಿ ಸಾಯಬಹುದು. ತಾತ ಪೆನ್ಸಿಲಿನಲ್ಲಿ ತಲೆ ಮೇಲೆ ಒಂದೊಂದು ಗುರುತು ಹಾಕಿ, ಇಟ್ಟ ಭಂಗಿಯಲ್ಲೇ ಎತ್ತಿ, ಒದ್ದೆ ವರ್ಮಿಕ್ಯುಲೈಟಿನಲ್ಲಿ ಅರ್ಧ ಹೂತು, 27 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟರು. ಎರಡು ತಿಂಗಳು. ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಮೊಟ್ಟೆಯ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳು. ಸೀಳಿನಲ್ಲಿ ಒಂದು ಬೆಳ್ಳನೆ ಮೂತಿ. ಅದು ಪೂರಾ ಹೊರಗೆ ಬರೋಕೆ ಇನ್ನೂ ಒಂದೂವರೆ ದಿನ ತಗೊಂಡಿತು. ಎರಡು ಮರಿ ಬಂದವು. ಮೂರನೇ ಮೊಟ್ಟೆ ಒಡೀಲೇ ಇಲ್ಲ.

ಅಮ್ಮನಿಗೆ ಫೋಟೋ ಕಳಿಸಿದೆ. "ಪಂಚ್ಮಿ ಹೋದ್ ವಾರಾನೇ ಆಗೋಯ್ತಲ್ಲೇ, ಒಂದ್ ವಾರ ತಡ ಮಾಡ್ಬಿಟ್ವು" ಅಂದರು. ಆಮೇಲೆ, "ಆ ತಾಯಿ ಹುಷಾರಾಗಿದ್ಯಾ? ಅದುಕ್ಕೇನಾದ್ರೂ ತಿನ್ನೋಕೆ ಕೊಟ್ರಾ?"

ಕೊಟ್ಟಿದ್ದಾರೆ ಅಂದೆ.

ನವೆಂಬರ್ ಬಂತು. ತಾತ ಈ ಸಲ ರೂಬಿಗೆ ಮರಿ ಬೇಡ ಅಂತ ತೀರ್ಮಾನ ಮಾಡಿದ್ದಾರೆ. ಪೆಪ್ಪರ್‌ಗೆ ಎದೆ ಕಟ್ಟಿದ್ದರಿಂದ ಅವನಿಗೆ ಚಳಿಯೂ ಬೇಡ. ರೂಬಿಯನ್ನ ಮಾತ್ರ ಎರಡು ತಿಂಗಳು ಮಲಗಿಸ್ತಾರಂತೆ, ಯಾವ ಲಾಭಕ್ಕೂ ಅಲ್ಲ, ಅವಳಿಗೆ ಮಲಗೋಕೆ. ನಿನ್ನೆ ಬೇಲಿ ಹತ್ತಿರ ನಿಂತು ಹೇಳಿದರು, ಊಟ ನಿಲ್ಲಿಸಿ ಎರಡು ವಾರ ಆಯ್ತು, ಬರೋ ಸೋಮವಾರ ಫ್ರಿಜ್ ಶುರು, ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆಗೆದಿಟ್ಟಿದ್ದೀನಿ, ಈ ಸಲ ದಯವಿಟ್ಟು ಫ್ಯಾರನ್‌ಹೀಟಿನಲ್ಲೇ ಬರಿ.